ಕ್ರಿಬ್ ಹಾಕದೆ ನಿಪ್ಪಲ್ ಬಿಡಿಸಿದ ನನ್ನ ಅನುಭವ

ಬಾಯಲ್ಲಿ ಚೀಪುವ ನಿಪ್ಪಲ್ (ಪ್ಯಾಸಿಫೈಯರ್) ಇಟ್ಟುಕೊಂಡೇ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರುವ ಎರಡೂವರೆ, ಮೂರು ವರ್ಷದ ಮಕ್ಕಳಿಗೆ ಎಂಟು ವಾರಗಳ ನಿಧಾನ ಕ್ರಮವನ್ನು ನಾನು ಆರಂಭಿಸಿದಾಗ, ದಾವಣಗೆರೆಯ ನನ್ನ ಸಹೋದ್ಯೋಗಿಗಳು ಅದನ್ನು ಅಷ್ಟಾಗಿ ನಂಬಲಿಲ್ಲ. ಬರೀ ಮಾತಿನಿಂದ ಓಪನ್ ಬೈಟ್ (ಹಲ್ಲು ಕಚ್ಚಿದಾಗಲೂ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಉಳಿಯುವ ತೆರಪು) ಮುಚ್ಚುತ್ತದೆಯೇ ಎಂದು ಹಿರಿಯರೊಬ್ಬರು ಎಲ್ಲರೆದುರು ಕೇಳಿದ್ದರು. ಆರು ವರ್ಷಗಳಲ್ಲಿ ಸುಮಾರು 70 ಮಕ್ಕಳನ್ನು ಹೀಗೆ ನೋಡಿದ್ದೇನೆ; ಅವರಲ್ಲಿ 55ರಷ್ಟು ಮಕ್ಕಳು ಬೆರಳಿನ ಕಡೆ ತಿರುಗದೆ ನಿಪ್ಪಲ್ ಬಿಟ್ಟಿದ್ದಾರೆ. ಕಳೆದ ವರ್ಷ ಆ ಹಿರಿಯರೇ ತಮ್ಮ ಮೊಮ್ಮಗಳನ್ನು ನನ್ನಲ್ಲಿಗೆ ಕಳುಹಿಸಿದರು.

ಮೊದಲು ನಾನೂ "ಇವತ್ತೇ ಎಸೆದುಬಿಡಿ" ಎಂದೇ ಹೇಳುತ್ತಿದ್ದೆ. ಎಸೆದ ಮೂರು ವಾರದೊಳಗೆ ಅನೇಕ ಮಕ್ಕಳು ಹೆಬ್ಬೆರಳು ಚೀಪುತ್ತಾ ಮರಳುತ್ತಿದ್ದರು, ಮತ್ತು ನಿಪ್ಪಲ್ಲನ್ನಾದರೆ ಕಸದ ಬುಟ್ಟಿಗೆ ಹಾಕಬಹುದು, ಹೆಬ್ಬೆರಳನ್ನು ಏನು ಮಾಡುವುದು? ಕೊನೆಗೆ, ಚೀಪಲಾಗದಂತೆ ಮೇಲಿನ ಮುಂಬಲ್ಲುಗಳ ಹಿಂದೆ ಕೂರಿಸುವ ತಂತಿಯ ತಡೆಯಾದ ಕ್ರಿಬ್‌ಗೇ ಬಂದು ನಿಲ್ಲುತ್ತಿದ್ದೆ. ಅಳುವ ಮಗುವಿನ ಬಾಯಿಂದ ಆಲ್ಜಿನೇಟ್ ಪೇಸ್ಟಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಕಷ್ಟ ಒಂದೆಡೆ, ಲ್ಯಾಬಿಗೆ 1500 ರೂಪಾಯಿಯಷ್ಟು ಖರ್ಚು ಇನ್ನೊಂದೆಡೆ. ಹಾಕಿದ ಮೂರರಲ್ಲಿ ಒಂದಾದರೂ, ಅದನ್ನು ದವಡೆ ಹಲ್ಲಿಗೆ ಹಿಡಿಸುವ ಬ್ಯಾಂಡ್ ಸಡಿಲವಾಗಿ ಮತ್ತೆ ಬರುತ್ತಿತ್ತು, ಅದನ್ನು ಪುಕ್ಕಟೆಯಾಗಿಯೇ ಅಂಟಿಸಬೇಕಿತ್ತು. ಹರಿಹರದ ಕಡೆಯ ಒಂದು ಮಗು ಮೂರು ದಿನ ಅನ್ನ ಮುಟ್ಟದಿದ್ದಾಗ ಕ್ರಿಬ್ ಬಿಚ್ಚಿ, ಪಡೆದಿದ್ದ 4000 ರೂಪಾಯಿಯನ್ನು ಹಿಂತಿರುಗಿಸಿದೆ. ಆ ವರ್ಷ ಈ ಒಂದು ಕೆಲಸದಲ್ಲೇ ನನಗೆ ಇಪ್ಪತ್ತು ಸಾವಿರದಷ್ಟು ನಷ್ಟವಾಗಿರಬೇಕು.

ನಡುವೆ ಬೇರೆ ದಾರಿಗಳನ್ನೂ ಹುಡುಕಿದೆ. ಬೇವಿನೆಣ್ಣೆ ಸವರಿಸಿದ್ದರಿಂದ ಮಗು ವಾಂತಿ ಮಾಡಿಕೊಂಡಿತೇ ಹೊರತು ಚಟ ಬಿಡಲಿಲ್ಲ. ನಿಪ್ಪಲ್ಲಿನ ತುದಿಯನ್ನು ದಿನಕ್ಕಿಷ್ಟು ಕತ್ತರಿಸುವ ಉಪಾಯವನ್ನೂ ಇಬ್ಬರಿಗೆ ಹೇಳಿದ್ದೆ. ಒಬ್ಬ ತಾಯಿ ಮಗುವಿನ ನಾಲಿಗೆಯ ಮೇಲಿಂದ ಸಿಲಿಕೋನ್ ಚೂರನ್ನು ತೆಗೆದೆನೆಂದು ಫೋನ್ ಮಾಡಿದ ದಿನವೇ ಅದನ್ನು ನಿಲ್ಲಿಸಿದೆ. ಆ ಚೂರು ಗಂಟಲಿಗೆ ಇಳಿದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ದಯವಿಟ್ಟು ಯಾರೂ ಅದನ್ನು ಮಾಡಿಸಬೇಡಿ.

ದಾರಿ ತೋರಿಸಿದವರು ಒಬ್ಬ ಅಜ್ಜಿ. "ಡಾಕ್ಟ್ರೇ, ಕಸಕೊಂಡ್ರೆ ರಾತ್ರಿಯೆಲ್ಲ ಎತ್ಕೊಂಡು ಅಡ್ಡಾಡೋಳು ನಾನು, ನೀವಲ್ಲ" ಎಂದು ಅವರು ಅಂದ ಮೇಲೆ, ಮಗುವನ್ನು ಮಲಗಿಸುವವರು ಯಾರೋ ಅವರನ್ನು ಬಿಟ್ಟು ನಾನು ಮಾತು ಆರಂಭಿಸುವುದಿಲ್ಲ. ಮೊದಲ ಎರಡು ವಾರ ಮನೆಯಲ್ಲಿ ಒಂದೇ ನಿಪ್ಪಲ್, ಅದೂ ಮಲಗುವ ಕೋಣೆಯಿಂದ ಹೊರಗೆ ಬರುವಂತಿಲ್ಲ. ಮುಂದಿನ ಎರಡು ವಾರ ಹಗಲಿನ ನಿದ್ದೆಗೆ ಅದು ಇಲ್ಲ. ಬದಲಿಗೆ ಅಜ್ಜಿಯ ಹಳೆಯ ಹತ್ತಿ ಸೀರೆಯ ಕರವಸ್ತ್ರದಷ್ಟು ತುಂಡು ಕೈಯಲ್ಲಿರುತ್ತದೆ. ಕೈಗೆ ಹಿಡಿಯಲು ಒಂದು ವಸ್ತು ಸಿಕ್ಕಿದರೆ ಹೆಬ್ಬೆರಳು ಬಾಯಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ ಎಂಬುದೇ ಈ ಕ್ರಮದ ಜೀವಾಳ. ಆಮೇಲೆ ರಾತ್ರಿ ಮಗು ನಿದ್ದೆಗೆ ಜಾರಿದ ಕೂಡಲೇ ನಿಪ್ಪಲ್ಲನ್ನು ಮೆಲ್ಲನೆ ಹೊರಗೆಳೆಯಬೇಕು. ಕೊನೆಯ ಭೇಟಿಯಲ್ಲಿ ಮಗು ತಾನಾಗಿಯೇ ಅದನ್ನು ನನ್ನ ಕೈಗೆ ಕೊಡುತ್ತದೆ; ಅದಕ್ಕೆ ನಾನು ಏನು ಹೇಳುತ್ತೇನೆ, ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ಒಂದು ವರ್ಷದೊಳಗಿನ ಕೂಸುಗಳಲ್ಲಿ ನಾನು ಇದಕ್ಕೆ ಕೈಹಾಕುವುದಿಲ್ಲ. ಮಲಗುವಾಗ ನಿಪ್ಪಲ್ ಇದ್ದರೆ ಹಠಾತ್ ಶಿಶುಮರಣದ ಅಪಾಯ ತಗ್ಗುತ್ತದೆ ಎಂದು ಮಕ್ಕಳ ವೈದ್ಯರು ಹೇಳುವುದರಲ್ಲಿ ಹುರುಳಿದೆ. ಆದರೆ ಜೇನಿನಲ್ಲೋ ಸಕ್ಕರೆ ನೀರಿನಲ್ಲೋ ಅದ್ದಿ ಕೊಡುವ ರೂಢಿಯನ್ನು ಮಾತ್ರ ಮೊದಲ ದಿನವೇ ನಿಲ್ಲಿಸುತ್ತೇನೆ. ಮೇಲಿನ ನಾಲ್ಕು ಬಾಚಿಹಲ್ಲುಗಳೂ ಬುಡದಲ್ಲಿ ಹುಳುಕಾಗಿ ಬರುವ ಮಕ್ಕಳ ಮನೆಗಳಲ್ಲಿ ವಿಚಾರಿಸಿದರೆ ಬಹುಪಾಲು ಈ ಜೇನಿನ ಬಟ್ಟಲೇ ಹೊರಬರುತ್ತದೆ. ವರ್ಷ ತುಂಬದ ಕೂಸಿಗಂತೂ ಜೇನಿನಿಂದ ಬಾಟುಲಿಸಂ ಎಂಬ ಅಪಾಯಕಾರಿ ವಿಷಬಾಧೆಯ ಭಯವೂ ಇದೆ. ಅಂಥ ಹಲ್ಲುಗಳಿಗೆ ಹುಳುಕು ಮುಂದುವರಿಯದಂತೆ ತಡೆಯುವ 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣ ಹಚ್ಚುತ್ತೇನೆ, ಹುಳುಕಿನ ಜಾಗ ಕಪ್ಪಾಗುತ್ತದೆಂದು ಮೊದಲೇ ತಿಳಿಸಿ.

ತೆರಪನ್ನು ಅಳೆಯಲು ಅಚ್ಚು ಬೇಕಿಲ್ಲ. ಐಸ್‌ಕ್ರೀಮ್ ಕಡ್ಡಿಯ ಮೇಲೆ ಮಿಲಿಮೀಟರ್ ಗೆರೆ ಎಳೆದು, ಹಲ್ಲು ಕಚ್ಚಿಸಿ ಮುಂದೆ ಹಿಡಿದರೆ ಸಾಕು. ಆರಂಭದಲ್ಲಿ 4-5 ಮಿಲಿಮೀಟರ್ ಇದ್ದದ್ದು ಆರೇಳು ತಿಂಗಳಲ್ಲಿ ಒಂದಕ್ಕೆ ಇಳಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇದೇ ಕಡ್ಡಿ ಹಿಡಿದು, ಚಪ್ಪಟೆ ತುದಿಯ ದುಬಾರಿ "ಆರ್ಥೊಡಾಂಟಿಕ್" ನಿಪ್ಪಲ್ ಬಳಸುವ ಎಂಟು ಮಕ್ಕಳನ್ನು, ಅಗ್ಗದ ದುಂಡು ನಿಪ್ಪಲ್ಲಿನ ಎಂಟು ಮಕ್ಕಳನ್ನು ಒಂದು ವರ್ಷ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ ಚೀಪಿದರೆಂಬುದೇ ಮುಖ್ಯವಾಗಿತ್ತು. ಹಿಂಬದಿಯ ಕ್ರಾಸ್ ಬೈಟ್ (ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಬದಿಗೆ ಕಚ್ಚುವುದು) ಮಾತ್ರ ಹೀಗೆ ತಾನಾಗಿ ಸರಿಹೋಗುವುದು ಕಡಿಮೆ. ಐದಾರು ಮಕ್ಕಳಲ್ಲಿ ಅದು ಹಾಗೆಯೇ ಉಳಿಯಿತು. ಅವರನ್ನು ತಡಮಾಡದೆ ಹಲ್ಲಿನ ಜೋಡಣೆ ಸರಿಪಡಿಸುವ ಆರ್ಥೊಡಾಂಟಿಸ್ಟರಲ್ಲಿಗೆ ಕಳುಹಿಸಿದೆ.

ಬರೀ ಮಾತಿಗೆ ದುಡ್ಡು ಏಕೆ ಎಂದು ಮೊದಲ ವರ್ಷ ಬಹಳ ಮಂದಿ ಕೇಳಿದರು, ಅರ್ಧದಲ್ಲೇ ಬರುವುದನ್ನು ನಿಲ್ಲಿಸಿದರು. ಈಗ ನಾಲ್ಕು ಭೇಟಿಗೆ ಸೇರಿಸಿ 1200 ರೂಪಾಯಿಯನ್ನು ಮೊದಲೇ ಪಡೆಯುತ್ತೇನೆ. ಹಣ ಕಟ್ಟಿದವರು ನಾಲ್ಕನೆಯ ಭೇಟಿಗೂ ಬರುತ್ತಾರೆ, ಬರುವಾಗ ಅಜ್ಜಿಯನ್ನೂ ಕರೆತರುತ್ತಾರೆ.