ಟಿ.ಸಿ. ಕೊಟ್ಟು ಕಳುಹಿಸುವ ಮುನ್ನ: ನಮ್ಮ ಶಾಲೆಯ ಶಿಸ್ತು ನಿಯಮ ಬರೆದ ಅನುಭವ

ಮಲ್ಪೆ ಸಮೀಪದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ಗಂಭೀರ ದುರ್ವರ್ತನೆಯ ಕುರಿತ ನಿಯಮಗಳನ್ನು ಬರಹಕ್ಕಿಳಿಸುವ ಹೊಣೆ ನನ್ನ ಪಾಲಿಗೆ ಬಂತು. ಅದುವರೆಗೆ ಹೊಡೆದಾಟವೋ ಕಳವೋ ನಡೆದರೆ ‘ಟಿ.ಸಿ. ಕೊಟ್ಟು ಕಳುಹಿಸಿ’ ಎಂಬುದೇ ಶಿಕ್ಷಕರ ಸಭೆಯ ಮೊದಲ ಸಲಹೆಯಾಗಿರುತ್ತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ; 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ನಮ್ಮಲ್ಲಿ ಎಂಟನೇ ತರಗತಿ ಪ್ರೌಢಶಾಲೆಗೇ ಸೇರಿರುವುದರಿಂದ, ಒಂದೇ ಹೊಡೆದಾಟದಲ್ಲಿದ್ದ ಎಂಟನೆಯ ಹುಡುಗನಿಗೆ ಒಂದು ನ್ಯಾಯ, ಒಂಬತ್ತನೆಯವನಿಗೆ ಇನ್ನೊಂದು ಎಂಬಂತಾಗುತ್ತಿತ್ತು. ಆದ್ದರಿಂದ ಹೊರಹಾಕುವುದನ್ನು ಮೂರೂ ತರಗತಿಗಳಿಗೆ ಕೈಬಿಟ್ಟೆವು. ಪೋಷಕರನ್ನು ಕರೆಸಿ ‘ಸ್ವಇಚ್ಛೆಯಿಂದ’ ಟಿ.ಸಿ.ಗೆ ಅರ್ಜಿ ಬರೆಸಿಕೊಳ್ಳುವ ಉಪಾಯವನ್ನೂ ಹೆಸರಿಸಿಯೇ ನಿಷೇಧಿಸಿದೆವು. ಈ ವಾಕ್ಯವನ್ನು ಉಳಿಸಿಕೊಳ್ಳಲು ಆಡಳಿತ ಮಂಡಳಿಯೆದುರು ಬಹಳ ವಾದಿಸಬೇಕಾಯಿತು. ಕಾನೂನಿನ ಕಣ್ಣು ತಪ್ಪಿಸುವ ದಾರಿಗೆ ಬೆಂಬಲಿಗರು ಸಾಕಷ್ಟಿರುತ್ತಾರೆ.

ಶಿಕ್ಷೆಯ ಪಟ್ಟಿಗಿಂತ ವಿಚಾರಣೆಯ ಕ್ರಮಕ್ಕೇ ಹೆಚ್ಚು ಸಮಯ ಹಿಡಿಯಿತು. ಪೆಟ್ಟು ತಿಂದ ವಿದ್ಯಾರ್ಥಿಯ ಸುರಕ್ಷತೆಯನ್ನು ಮೊದಲು ನೋಡಿಕೊಳ್ಳಬೇಕು. ದೂರು ಕೊಟ್ಟ ಶಿಕ್ಷಕರು ತೀರ್ಮಾನಿಸುವ ಸಮಿತಿಯಲ್ಲಿ ಇರಬಾರದು. ಆರೋಪಕ್ಕೊಳಗಾದ ವಿದ್ಯಾರ್ಥಿ ತುಳುವಿನಲ್ಲಿ ಹೇಳಿದರೆ ಅದನ್ನು ಕನ್ನಡಕ್ಕೆ ತಿದ್ದದೆ ತುಳುವಿನಲ್ಲೇ ಬರೆದುಕೊಳ್ಳಬೇಕು. ಪೋಷಕರ ಹಾಜರಿಯದೇ ದೊಡ್ಡ ತೊಡಕು. ಆಳಸಮುದ್ರ ಬೋಟಿನಲ್ಲಿ ಹೋದ ತಂದೆ ವಾರ, ಹತ್ತು ದಿನ ದಡಕ್ಕೆ ಬರುವುದಿಲ್ಲ. ‘ಮೂರು ದಿನದೊಳಗೆ ಹಾಜರಾಗಿ’ ಎಂಬ ನೋಟಿಸಿನಿಂದ ತಾಯಿಗೆ ಗಾಬರಿಯಾಗುವುದೇ ಹೊರತು ಬೇರೇನೂ ಸಾಧ್ಯವಿಲ್ಲ. ಆದ್ದರಿಂದ ತಾಯಿ ಬಯಸಿದರೆ ಬೋಟು ಮರಳುವವರೆಗೆ ವಿಚಾರಣೆ ಕಾಯಬೇಕು, ಇತರರ ಸುರಕ್ಷತೆಗೆ ಧಕ್ಕೆಯಿಲ್ಲದಿದ್ದರೆ ಹುಡುಗ ಅಲ್ಲಿಯವರೆಗೆ ತರಗತಿಯಲ್ಲೇ ಇರಬೇಕು ಎಂದು ಬರೆದೆವು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಈ ಸಮಸ್ಯೆ ಇರುವುದಿಲ್ಲ.

ಲೈಂಗಿಕ ದೌರ್ಜನ್ಯದ ದೂರುಗಳನ್ನು ಸಮಿತಿಯ ವ್ಯಾಪ್ತಿಯಿಂದಲೇ ಹೊರಗಿಟ್ಟೆವು. 2012ರ ಪೋಕ್ಸೊ ಕಾಯ್ದೆಯಡಿ ಅವನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯೊಳಗೇ ರಾಜಿ ಮಾಡಿಸುವ ಅಧಿಕಾರ ನಮಗಿಲ್ಲ. ತಂಬಾಕು ಸಿಕ್ಕಿದಾಗ, ಮಗುವಿನ ಬ್ಯಾಗಿಗಿಂತ ಮೊದಲು ಮಾರಿದ ಅಂಗಡಿಯನ್ನು ವಿಚಾರಿಸಬೇಕೆಂದು ಸೇರಿಸಿದೆವು, ಏಕೆಂದರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅಪರಾಧಿ ಕೊಟ್ಟವನೇ.

ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗುವವರ ನಡತೆ ಪ್ರಮಾಣಪತ್ರದಲ್ಲಿ ಇಂತಹ ಘಟನೆಗಳನ್ನು ನಮೂದಿಸಬಾರದೆಂಬ ನನ್ನ ಕೊನೆಯ ಕಲಮನ್ನು ಮಾತ್ರ ಮಂಡಳಿ ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಟ್ಟದ್ದು ಎಂದು ತಿದ್ದಿ ಅಂಗೀಕರಿಸಿತು.