ಹಳೇ ಪಿಸಿ ವಿಂಡೋಸ್ ಹೊಸದಕ್ಕೆ ಹಾಕ್ಬಹುದಾ? ಮೊದ್ಲು ಇದನ್ನ ನೋಡಿ

ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಬಾಕ್ಸಲ್ಲಿ ಎಸ್ ಎಲ್ ಎಂ ಜಿ ಆರ್ ಒಟ್ಟಿಗೆ ಟೈಪ್ ಮಾಡಿ ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಡಿ ಎಲ್ ಐ ಅಂತ ಹಾಕಿ ಎಂಟರ್ ಕೊಡಿ, ಒಂದ್ಹತ್ತು ಸೆಕೆಂಡಲ್ಲಿ ಪುಟ್ಟ ಕಿಟಕಿ ಬರತ್ತೆ, ಅದ್ರಲ್ಲಿ ಡಿಸ್ಕ್ರಿಪ್ಷನ್ ಸಾಲಿನ ಕೊನೆ ನೋಡಿ. ರೀಟೇಲ್ ಚಾನೆಲ್ (ಅಂದ್ರೆ ಬಿಡಿಯಾಗಿ ಕೊಂಡ ಲೈಸೆನ್ಸ್) ಅಂತಿದ್ರೆ ಹಳೇದ್ರಿಂದ ತೆಗ್ದು ಹೊಸದಕ್ಕೆ ಹಾಕ್ಬಹುದು, ಆದ್ರೆ ಒಂದ್ ಸಲಕ್ಕೆ ಒಂದೇ ಮಷೀನು, ಮನೇಲಿ ಮೂರಿದೆ ಅಂತ ಮೂರಕ್ಕೂ ಅದೇ ಲೈಸೆನ್ಸ್ ಕೀ ನಡೆಯಲ್ಲ. ಓಇಎಂ (ಕಂಪ್ಯೂಟರ್ ತಯಾರಕರು ಹಾಕಿಕೊಟ್ಟಿದ್ದು) ಅಂತಿದ್ರೆ ಅದು ಆ ಮಷೀನ್ ಜೊತೆಗೇ ಬಂದಿದ್ದು, ಅದ್ರ ಜೊತೆಗೇ ಹೋಗೋದು; ವಿಂಡೋಸ್ 8ರಿಂದೀಚೆಗಿನ ಬ್ರ್ಯಾಂಡೆಡ್ ಲ್ಯಾಪ್‌ಟಾಪಲ್ಲಿ ಕೀ ಮದರ್‌ಬೋರ್ಡ್ ಫರ್ಮ್‌ವೇರಲ್ಲೇ (ಬೋರ್ಡಿನ ಚಿಪ್ಪಲ್ಲಿರೋ ಸಾಫ್ಟ್‌ವೇರ್) ಕೂತಿರತ್ತೆ, ಹಾಗಾಗಿ ಅದೇ ಲ್ಯಾಪ್‌ಟಾಪಿಗೆ ರೀಇನ್‌ಸ್ಟಾಲ್ ಮಾಡೋಕೆ ಕೀ ಹುಡುಕೋದೇ ಬೇಡ. ವಾಲ್ಯೂಮ್ ಅಂತ ಬಂದ್ರೆ ಅದು ಆಫೀಸ್ ಕಾಲೇಜಿನವ್ರದ್ದು, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಲ್ಲಿ ಇದು ಕಂಡ್ರೆ ಸ್ವಲ್ಪ ಹುಷಾರು, ಅದ್ರಲ್ಲೂ ಕೆಎಂಎಸ್ (ಆ ಸಂಸ್ಥೆಯ ಸರ್ವರ್ ಮೂಲಕ ಆಕ್ಟಿವೇಟ್ ಆಗೋ ಬಗೆ) ಆದ್ರೆ ಅವ್ರ ಸರ್ವರ್ ಸಿಗದೆ 180 ದಿನ ಆದ್ಮೇಲೆ ಆಕ್ಟಿವೇಷನ್ ಹೋಗತ್ತೆ. ಈ ಟ್ರಿಕ್ ಕೈಕೊಡೋದು ಒಂದ್ ಕಡೆ: ವಿಂಡೋಸ್ 7 ಓಇಎಂನಿಂದ 10ಕ್ಕೆ ಫ್ರೀ ಅಪ್‌ಗ್ರೇಡ್ ಆಗಿದ್ರೆ ರೀಟೇಲ್ ಅಂತಾನೇ ತೋರ್ಸತ್ತೆ, ಆದ್ರೆ ಹಕ್ಕು ಮಾತ್ರ ಹಳೇ ಓಇಎಂದೇ, ಬೇರೆ ಮಷೀನಿಗೆ ಸಾಗ್ಸೋಕಾಗಲ್ಲ.