ಕಡಿಮೆ ದುಡ್ಡಿನಲ್ಲಿ ಟೂರ್ನಿಗೆ ನಿಲ್ಲುವ ಡೆಕ್ ಕಟ್ಟುವುದು

ಕಾರ್ಡಾಟದ ಟೂರ್ನಿಯಲ್ಲಿ ಗೆದ್ದ, 60 ಕಾರ್ಡಿನ ದುಬಾರಿ ಡೆಕ್ಕಿನ (ಆಟಕ್ಕೆ ಒಯ್ಯುವ ಕಾರ್ಡುಗಳ ಕಟ್ಟು) ಪಟ್ಟಿ ಹಿಡಿದುಕೊಂಡು, ಕೈಗೆಟುಕದ ಎಂಟು ಕಾರ್ಡುಗಳ ಜಾಗಕ್ಕೆ ಹೆಚ್ಚುಕಡಿಮೆ ಅದೇ ಕೆಲಸ ಮಾಡುವ ಅಗ್ಗದ ಕಾರ್ಡು ತುಂಬುವ ದಾರಿಗೆ ನಾನು ಹೋಗುವುದಿಲ್ಲ. ಉಳಿದ 52 ಕಾರ್ಡುಗಳು ಅಲ್ಲಿರುವುದೇ ಆ ಎಂಟಕ್ಕಾಗಿ. ಅವನ್ನು ಕಿತ್ತರೆ ಡೆಕ್ಕಿಗೆ ಗುರಿಯೇ ಇರುವುದಿಲ್ಲ. ಒಂದು ಕಾರ್ಡೂ ಬದಲಿಸದೆ ಪೂರ್ತಿ ಕಟ್ಟಿದರೂ ಅಗ್ಗವಾಗಿರುವ ಡೆಕ್ ಯಾವುದು ಎಂದು ಮೊದಲು ನೋಡುತ್ತೇನೆ.

ಮ್ಯಾಜಿಕ್ ದ ಗ್ಯಾದರಿಂಗ್ ಆಡುವವರಿಗೆ ಅಂಥ ಡೆಕ್ಕುಗಳು ಸಿಗುವ ಜಾಗ ಪಾಪರ್ ಫಾರ್ಮ್ಯಾಟ್ (ಯಾವ ಕಾರ್ಡು ಬಳಸಬಹುದೆಂಬ ನಿಯಮವಿರುವ ಆಟದ ಬಗೆ). ಒಮ್ಮೆಯಾದರೂ ಕಾಮನ್ (ಅತಿ ಸುಲಭವಾಗಿ ಸಿಗುವ ದರ್ಜೆ) ಆಗಿ ಅಚ್ಚಾದ ಕಾರ್ಡುಗಳಿಗೆ ಮಾತ್ರ ಅಲ್ಲಿ ಪ್ರವೇಶ. 2019ರಿಂದ ಅದು ಅಧಿಕೃತ ಫಾರ್ಮ್ಯಾಟ್. ಬೇರೆ ಫಾರ್ಮ್ಯಾಟುಗಳಲ್ಲಿ ದುಡ್ಡು ನುಂಗುವುದು ಹೆಚ್ಚಾಗಿ ಎರಡು ಬಣ್ಣದ ಲ್ಯಾಂಡುಗಳು, ಅಂದರೆ ಕಾರ್ಡು ಆಡಲು ಬೇಕಾದ ಶಕ್ತಿಯನ್ನು (ಮಾನಾ) ಕೊಡುವ ಕಾರ್ಡುಗಳು. ಒಂದೇ ಬಣ್ಣಕ್ಕೆ ನಿಂತರೆ ಆ ಖರ್ಚು ಪೂರಾ ಉಳಿಯುತ್ತದೆ, ಒಂದೇ ಬಣ್ಣದ ಸಾದಾ ಬೇಸಿಕ್ ಲ್ಯಾಂಡುಗಳಿಗೆ ಹೆಚ್ಚೇನೂ ಕೊಡಬೇಕಿಲ್ಲ.

ಎದುರಾಳಿಗೆ ನೇರವಾಗಿ ಡ್ಯಾಮೇಜ್ ಕೊಟ್ಟು ಗೆಲ್ಲುವ ಕೆಂಪು ಬರ್ನ್ ಡೆಕ್ಕನ್ನೇ ತೆಗೆದುಕೊಳ್ಳಿ. ಎದುರಾಳಿಯ ಲೈಫ್ 20ರಿಂದ ಶುರು, ಅದು ಸೊನ್ನೆಗೆ ಇಳಿದರೆ ನಾವು ಗೆದ್ದಂತೆ. ಲೈಟ್ನಿಂಗ್ ಬೋಲ್ಟ್, ಲಾವಾ ಸ್ಪೈಕ್, ಚೈನ್ ಲೈಟ್ನಿಂಗ್ ಎಲ್ಲವೂ ಒಂದು ಮಾನಾಕ್ಕೆ ಮೂರು ಡ್ಯಾಮೇಜ್ ಕೊಡುತ್ತವೆ. ರಿಫ್ಟ್ ಬೋಲ್ಟ್ ಕೂಡ ಸಸ್ಪೆಂಡ್ ಮಾಡಿದರೆ (ಈಗ ಮಾನಾ ಕೊಟ್ಟು ಮುಂದಿನ ಟರ್ನಿಗೆ ಕಾದಿರಿಸಿದರೆ) ಅಷ್ಟೇ. ಇಂಥವು ಏಳು ತಗುಲಿದರೆ 21, ಆಟ ಮುಗಿಯಿತು. ಮೊದಲು ಆಡುವವರು ನಾಲ್ಕನೇ ಟರ್ನಿನ ಹೊತ್ತಿಗೆ ನೋಡುವುದು ಒಟ್ಟು 10 ಕಾರ್ಡು: ಮೊದಲ ಕೈಯ ಏಳು, ಆಮೇಲೆ ಎಳೆದ ಮೂರು. 60ರಲ್ಲಿ 18 ಲ್ಯಾಂಡ್ ಇಟ್ಟರೆ ಆ ಹತ್ತರಲ್ಲಿ ಸರಾಸರಿ ಮೂರು ಲ್ಯಾಂಡ್, ಏಳು ಸ್ಪೆಲ್ (ಲ್ಯಾಂಡಲ್ಲದ ಕಾರ್ಡು). ಲೆಕ್ಕ ಕೂಡಿತು. 22 ಲ್ಯಾಂಡ್ ಹಾಕಿದರೆ ಸ್ಪೆಲ್ ಆರೂಕಾಲರ ಆಸುಪಾಸಿಗೆ ಇಳಿದು, ಡ್ಯಾಮೇಜ್ 19ಕ್ಕೆ ನಿಲ್ಲುತ್ತದೆ. ಕೊನೆಯ ಒಂದು ಲೈಫ್ ಉಳಿದು ಸೋಲುವ ಆಟಗಳಿಗೆ ಬಹಳ ಸಲ ಕಾರಣ ಇಂಥ ಹೆಚ್ಚುವರಿ ಲ್ಯಾಂಡುಗಳೇ. ಫೈರ್‌ಬ್ಲಾಸ್ಟ್ ನನಗೆ ಬಹಳ ಇಷ್ಟ: ಮಾನಾ ಕೊಡದೆ ಎರಡು ಮೌಂಟನ್ (ಕೆಂಪು ಬಣ್ಣದ ಲ್ಯಾಂಡ್) ತ್ಯಾಗ ಮಾಡಿದರೆ ನಾಲ್ಕು ಡ್ಯಾಮೇಜ್. ಆದರೆ ಅದನ್ನು ಆಟ ಮುಗಿಸುವುದಕ್ಕೆಂದೇ ಇಟ್ಟುಕೊಳ್ಳಬೇಕು. ಅವಸರಪಟ್ಟು ಮೊದಲೇ ಬಿಟ್ಟರೆ ಮುಂದಿನ ಟರ್ನಿಗೆ ಲ್ಯಾಂಡೇ ಇರುವುದಿಲ್ಲ.

18 ಲ್ಯಾಂಡಿಗೆ ತೆರಬೇಕಾದ ಬೆಲೆಯೂ ಇದೆ. ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡೇ ಬರದಿರುವ ಸಾಧ್ಯತೆ ಶೇ 7ರಷ್ಟು, ಒಂದೇ ಬರುವುದು ಶೇ 24ರಷ್ಟು. ಒಂದೇ ಲ್ಯಾಂಡ್ ಇರುವ ಕೈಯನ್ನು, ಎರಡನೆಯವರಾಗಿ ಆಡುತ್ತಿದ್ದು ಉಳಿದದ್ದೆಲ್ಲ ಒಂದು ಮಾನಾದ ಕಾರ್ಡುಗಳಾಗಿದ್ದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ಎರಡನೇ ಟರ್ನಿನೊಳಗೆ ಇನ್ನೊಂದು ಲ್ಯಾಂಡ್ ಸಿಗುವ ಅವಕಾಶ ಆಗ ಅರ್ಧಕ್ಕಿಂತ ತುಸು ಹೆಚ್ಚು. ಮೊದಲು ಆಡುವಾಗ ಅದು ಮೂರನೇ ಒಂದು ಪಾಲಿಗೂ ಕಡಿಮೆ, ಹಾಗಾಗಿ ಮಲ್ಲಿಗನ್, ಅಂದರೆ ಆ ಕೈಯನ್ನು ಮರಳಿಸಿ ಹೊಸದು ಎಳೆಯುವುದು.

ಈ ಡೆಕ್ಕಿಗೆ ದೊಡ್ಡ ಪೆಟ್ಟು ಎದುರಾಳಿ ಲೈಫ್ ಗಳಿಸುವುದು. ಅವರು ನಾಲ್ಕು ಲೈಫ್ ಗಳಿಸಿದರೆ ನಮ್ಮ ಒಂದಕ್ಕಿಂತ ಹೆಚ್ಚು ಕಾರ್ಡು ನೀರಿಗೆ ಹೋದಂತೆ. ಹಾಗಾಗಿ ಸೈಡ್‌ಬೋರ್ಡಿನ (ಆಟಗಳ ನಡುವೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡುಗಳು) 15ರಲ್ಲಿ ಕೆಲಸದ ಜೊತೆಗೆ ಡ್ಯಾಮೇಜನ್ನೂ ಕೊಡುವ ಕಾರ್ಡು ಹುಡುಕಬೇಕು. ಸ್ಮ್ಯಾಶ್ ಟು ಸ್ಮಿದರೀನ್ಸ್ ಆರ್ಟಿಫ್ಯಾಕ್ಟನ್ನು (ಉಪಕರಣ, ಯಂತ್ರದಂಥ ಕಾರ್ಡು) ಒಡೆದು, ಅದು ಯಾರ ಹಿಡಿತದಲ್ಲಿದೆಯೋ ಅವರಿಗೆ ಮೂರು ಡ್ಯಾಮೇಜ್ ಕೊಡುತ್ತದೆ.

ಮುಖ್ಯ ಕಾರ್ಡುಗಳ ನಾಲ್ಕೂ ಪ್ರತಿ ಬೇಕು. ನಾಲ್ಕಿದ್ದರೆ ಮೊದಲ ಕೈಯಲ್ಲಿ ಒಂದಾದರೂ ಬರುವುದು ಶೇ 40, ಮೂರಿದ್ದರೆ ಶೇ 31.5, ಎರಡಿದ್ದರೆ ಶೇ 22. ದುಡ್ಡು ಸಾಲದೆ ಎರಡೆರಡೇ ಕೊಂಡ ಡೆಕ್ ಪ್ರತಿ ಆಟದಲ್ಲೂ ಬೇರೆ ಡೆಕ್ಕಿನಂತೆ ಆಡುತ್ತದೆ.

ಯು-ಗಿ-ಓ ಆಟದಲ್ಲಿ ಒಂದು ಕಾರ್ಡಿಗೆ ಮಿತಿ ಮೂರು. ಅಲ್ಲಿ ಒಂದೇ ಸ್ಟ್ರಕ್ಚರ್ ಡೆಕ್ಕನ್ನು (ಸಿದ್ಧವಾಗಿ ಮಾರುವ ಡೆಕ್) ಮೂರು ಕೊಳ್ಳುವುದು ಹಳೆಯ, ಗಟ್ಟಿಯಾದ ಉಪಾಯ. ಪೋಕೆಮಾನ್ ಸ್ಟ್ಯಾಂಡರ್ಡ್ ಆಡುವವರು ಕೊಳ್ಳುವ ಮುನ್ನ ಕಾರ್ಡಿನ ಎಡ ಕೆಳಮೂಲೆಯ ರೆಗ್ಯುಲೇಷನ್ ಅಕ್ಷರ (ಆ ಕಾರ್ಡನ್ನು ಈಗ ಆಡಬಹುದೇ ಎಂದು ತಿಳಿಸುವ ಗುರುತು) ನೋಡಲೇಬೇಕು. ಅತಿ ಅಗ್ಗವಾಗಿ ಸಿಕ್ಕಿತೆಂದರೆ ಆ ಅಕ್ಷರದ ಸರದಿ ಮುಗಿಯುತ್ತ ಬಂದಿರಬಹುದು.

ಡೆಕ್ ಕಟ್ಟುವುದಕ್ಕೆಂದು ಬೂಸ್ಟರ್ (ಒಳಗೆ ಯಾವ ಕಾರ್ಡಿದೆಯೆಂದು ಗೊತ್ತಿರದ ಪ್ಯಾಕ್) ಒಡೆಯುವುದೇ ಇಲ್ಲ, ಬಿಡಿ ಕಾರ್ಡೇ ಕೊಳ್ಳುತ್ತೇನೆ. ಅದಕ್ಕೂ ಮುಂಚೆ ಕಾಗದದ ಚೀಟಿಯಲ್ಲಿ ಕಾರ್ಡಿನ ಹೆಸರು ಬರೆದು, ಸ್ಲೀವಿನೊಳಗೆ (ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ) ಬೇಸಿಕ್ ಲ್ಯಾಂಡಿನ ಮುಂದೆ ಇಟ್ಟು ಕನಿಷ್ಠ ಇಪ್ಪತ್ತು ಆಟ. ಇಂಥ ಪ್ರಾಕ್ಸಿ ಅಧಿಕೃತ ಟೂರ್ನಿಯಲ್ಲಿ ನಡೆಯುವುದಿಲ್ಲ, ಆದರೆ ಯಾವ ಕಾರ್ಡು ಕೈಯಲ್ಲೇ ಕೊಳೆಯುತ್ತದೆ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಹೊಸ ಸೆಟ್ಟಿನ ಕಾರ್ಡಾದರೆ ಬಿಡುಗಡೆಯಾಗಿ ಕೆಲವು ವಾರ ಕಾಯುವುದು ಲೇಸು. ಎಲ್ಲರೂ ಬೂಸ್ಟರ್ ಒಡೆದ ಮೇಲೆ ಬಹುತೇಕ ಕಾರ್ಡುಗಳ ಬೆಲೆ ಇಳಿಯುತ್ತದೆ. ಅಂಚು ತುಸು ಸವೆದ ಕಾರ್ಡು ಸಾಕು, ಸ್ಲೀವಿನೊಳಗೆ ಅದು ಕಾಣುವುದಿಲ್ಲ. ಫಾಯಿಲ್ (ಹೊಳೆಯುವ ಕಾರ್ಡು) ಬೇಡ. ಅದು ಬಾಗುತ್ತದೆ, ಬಾಗಿದ ಕಾರ್ಡು ಕಟ್ಟಿನಲ್ಲಿ ಬೇರೆಯಾಗಿ ಕಂಡರೆ ಗುರುತು ಮಾಡಿದ ಕಾರ್ಡೆಂದು ಜಡ್ಜ್ ದಂಡ ಹಾಕಬಹುದು.

ಬೆಲೆ ತೀರಾ ಕಡಿಮೆಯಿದ್ದರೆ ನಕಲಿಯ ಅನುಮಾನ ಇರಲಿ. ಮ್ಯಾಜಿಕ್ ಕಾರ್ಡಿನ ಹಿಂಬದಿಯ ಐದು ಬಣ್ಣದ ಚುಕ್ಕೆಗಳಲ್ಲಿ ಹಸಿರನ್ನು 30 ಪಟ್ಟಿನ ಮಸೂರದಲ್ಲಿ ನೋಡಿ. ಅಸಲಿಯಲ್ಲಿ ಅದರೊಳಗೆ ನಾಲ್ಕು ಪುಟ್ಟ ಕೆಂಪು ಚುಕ್ಕೆಗಳು ಇಂಗ್ಲಿಷಿನ ಎಲ್ ಆಕಾರದಲ್ಲಿ ಕೂತಿರುತ್ತವೆ. ಮುಂಬದಿಯ ಕಪ್ಪು ಅಕ್ಷರಗಳು ಅಸಲಿಯಲ್ಲಿ ಗಟ್ಟಿ ಕಪ್ಪು, ನಕಲಿಯಲ್ಲಿ ಸಾಮಾನ್ಯವಾಗಿ ಬಣ್ಣದ ಕಣಗಳಾಗಿ ಒಡೆದು ಕಾಣುತ್ತವೆ.

ಸ್ಲೀವಿನಲ್ಲಿ ಮಾತ್ರ ಜಿಪುಣತನ ಬೇಡ. ಡೆಕ್ ಮತ್ತು ಸೈಡ್‌ಬೋರ್ಡ್ ಸೇರಿ 75, ನೂರರ ಪ್ಯಾಕ್ ತೆಗೆದುಕೊಂಡರೆ 25 ಉಳಿಯುತ್ತವೆ. ಒಂದು ಹರಿದರೆ ಅದೇ ಪ್ಯಾಕಿನದ್ದನ್ನೇ ಹಾಕಬೇಕು, ಏಕೆಂದರೆ ಬೇರೆ ಪ್ಯಾಕಿನ ಸ್ಲೀವ್ ಅರ್ಧ ಮಿಲಿಮೀಟರ್ ಉದ್ದವಿದ್ದರೂ ಬೆರಳಿಗೆ ಗೊತ್ತಾಗುತ್ತದೆ.